ಓರಗಿತ್ತಿಯ ಗಾಳಿಪಟಕ್ಕಿಂತ ದೊಡ್ಡದು

ಆ ಊರಿನಲ್ಲಿ ಕಾರು ಓಡಿಸುವುದನ್ನು ಕಲಿಸುವ ಹೆಂಗಸು ಅಂತ ಇದ್ದವಳು ಅವಳೊಬ್ಬಳೇ. ಕಲಿಯಲು ಬಂದವರೆಲ್ಲ ಅವಳನ್ನು ಬ್ರೇಕಕ್ಕ ಎನ್ನುತ್ತಿದ್ದರು. ಅವರು ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರೆ ಪಕ್ಕದ ಸೀಟಿನಲ್ಲಿ ಕೂತ ಇವಳ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತಿತ್ತು. ಅದನ್ನು ಒತ್ತುವುದೂ ಬೈಯುವುದೂ ಒಟ್ಟಿಗೇ ಆಗುತ್ತಿತ್ತು.

ಮನೆಯಲ್ಲಿ ಅವಳಿಗೆ ಅದೇ ಕಾರಣಕ್ಕೆ ಒಂದು ಗತ್ತಿತ್ತು. ಅತ್ತೆಯ ಕಣ್ಣನ್ನು ಡಾಕ್ಟರಿಗೆ ತೋರಿಸಬೇಕೆಂದರೆ ಬ್ರೇಕಕ್ಕನೇ ಬೇಕು, ನೆಂಟರನ್ನು ಸ್ಟೇಷನ್ನಿನಿಂದ ಕರೆತರಬೇಕೆಂದರೂ ಅವಳೇ ಬೇಕು. "ನನ್ನ ಹಿರೀಸೊಸೆಗೆ ಲಾರಿ ಕೊಟ್ಟರೂ ಓಡಿಸ್ತಾಳೆ" ಎಂದು ಅತ್ತೆ ಬಂದವರೆದುರು ಹೇಳುವಾಗ ಅವಳು ಒಳಗೆ ಪಾತ್ರೆ ಜೋಡಿಸುತ್ತ, ಕೇಳಿಸದವಳಂತೆ ಕಿವಿ ನಿಮಿರಿಸಿರುತ್ತಿದ್ದಳು.

ಮೈದುನ ತಡವಾಗಿ ಮದುವೆಯಾದ. ಬಂದ ಓರಗಿತ್ತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ತೆಳ್ಳಗೆ, ಚುರುಕಾಗಿ, ಮಾತಿಗೊಮ್ಮೆ ನಗುವವಳು. ಸೈಕಲ್ಲೂ ಬಾರದವಳು ಅಂತ ಬ್ರೇಕಕ್ಕನಿಗೆ ಮೊದಮೊದಲು ಅವಳ ಮೇಲೆ ಪ್ರೀತಿಯೇ ಇತ್ತು. ಆಮೇಲೆ ಅವಳು ಗೆಳತಿಯರ ಜೊತೆ ಸೇರಿ ಪವರ್ ಕೈಟ್ ಹಾರಿಸುವುದು ಕಲಿತಳು.

ಅದು ಮಾಳಿಗೆಯ ಮೇಲೆ ನಿಂತು ಬಿಡುವ ಕಾಗದದ ಗಾಳಿಪಟವಲ್ಲ. ಗಾಳಿ ತುಂಬಿಕೊಂಡರೆ ಹಾಸಿಗೆಯಂತೆ ಉಬ್ಬುವ ಬಟ್ಟೆಯದು. ಹಿಡಿದವರನ್ನೇ ಎಳೆದುಕೊಂಡು ಹೋಗುವಂಥದ್ದು. ಓರಗಿತ್ತಿಯದು ಕೆಂಪು, ಎರಡಾಳುದ್ದ, ನಾಲ್ಕು ದಾರದ್ದು. ಭಾನುವಾರ ಸಂಜೆಯೆಂದರೆ ಮನೆಮಂದಿಯೆಲ್ಲ ಸಮುದ್ರದ ದಂಡೆಗೆ ಅದನ್ನು ನೋಡಲು ಹೊರಡತೊಡಗಿದರು. ಕಾರು ಓಡಿಸುವವಳು ಬ್ರೇಕಕ್ಕ. ಇನ್ನೊಬ್ಬಳನ್ನು ಹೊಗಳುವ ಜಾಗಕ್ಕೆ ಎಲ್ಲರನ್ನೂ ತಾನೇ ಕೂರಿಸಿಕೊಂಡು ಹೋಗಬೇಕಲ್ಲ ಎಂದು ಪ್ರತಿ ತಿರುವಿನಲ್ಲೂ ಹಲ್ಲು ಕಚ್ಚುತ್ತಿದ್ದಳು.

ಅಲ್ಲಿ ಅತ್ತೆಯ ಮಡಚುವ ಕುರ್ಚಿಯನ್ನು ಹಾಕಿಕೊಡುವವಳೂ ಅವಳೇ. ಅತ್ತೆ ಕೂತು ಹಣೆಗೆ ಕೈ ಅಡ್ಡ ಹಿಡಿದು ಹೇಳುತ್ತಿದ್ದರು, "ನೋಡೇ ಅವಳನ್ನ! ಗಾಳಿಗೇ ಮೂಗುದಾರ ಹಾಕಿದಾಳೆ."

"ಹೂಂ ಅತ್ತೆ."

"ನಿನಗೆ ಇಂಥದ್ದೆಲ್ಲ ಆಗಲ್ಲ ಬಿಡು. ನಿನ್ನದು ಹೆದರಿಕೆಯ ಕೆಲಸ. ಯಾವಾಗ ನೋಡಿದರೂ ನಿಲ್ಲಿಸು, ನಿಲ್ಲಿಸು."

ಅತ್ತೆಯ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಬ್ರೇಕಕ್ಕ ಕಾಲಡಿಯ ಮರಳನ್ನು ಬ್ರೇಕು ಒತ್ತಿದಂತೆ ಒತ್ತಿದಳು. ದೂರದಲ್ಲಿ ಓರಗಿತ್ತಿ ಮರಳಿನ ಮೇಲೆ ಹಿಮ್ಮಡಿ ಊರಿ, ಹಿಂದಕ್ಕೆ ಬಾಗಿ, ಜಾರಿಕೊಂಡು ಹೋಗುತ್ತಿದ್ದಳು. ಒಂದು ಸಲ ಬೀಳಬಾರದೇ ಇವಳು, ಜಾಸ್ತಿ ಏನೂ ಬೇಡ, ಮೊಣಕಾಲು ಸ್ವಲ್ಪ ತರಚಿದರೆ ಸಾಕು ಎಂದು ಬ್ರೇಕಕ್ಕನಿಗೆ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಓರಗಿತ್ತಿ ಬೀಳಲೂ ಇಲ್ಲ.

ಆ ವಾರವೇ ಒಂದು ಮಧ್ಯಾಹ್ನ ಬ್ರೇಕಕ್ಕ ಯಾರಿಗೂ ಹೇಳದೆ ಆಟದ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯವರು ವಯಸ್ಸಾದವರು, ಬಿಸಿಲಿಗೆ ಮುಖ ಚರ್ಮದ ಚೀಲದಂತಾಗಿತ್ತು.

"ಪವರ್ ಕೈಟ್ ಬೇಕಿತ್ತು. ನಾಲ್ಕು ದಾರದ್ದು, ಕೆಂಪು, ಎರಡಾಳುದ್ದ ಬರತ್ತಲ್ಲ, ಅದಕ್ಕಿಂತ ದೊಡ್ಡದು."

"ಮುಂಚೆ ಹಾರಿಸಿದೀರಾ?"

"ಇಲ್ಲ."

"ಮತ್ತೆ ಅದಕ್ಕಿಂತ ದೊಡ್ಡದು ಅಂದ್ರೆ? ಯಾವುದಕ್ಕಿಂತ?"

ಅವಳು ಗೋಡೆಗೆ ತೂಗುಹಾಕಿದ್ದ ಪಟಗಳನ್ನು ನೋಡತೊಡಗಿದಳು. ಅಂಗಡಿಯವರು ದಾರ ಕಟ್ಟಿದ ಒಂದು ಜೊತೆ ಹಿಡಿಗಳನ್ನು ಅವಳ ಕೈಗೆ ಕೊಟ್ಟರು. ದಾರದ ಇನ್ನೊಂದು ತುದಿ ಹಿಡಿದು ಅಂಗಡಿಯ ಆ ಕಡೆಗೆ ಹೋಗಿ, "ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದವರೇ ಒಮ್ಮೆ ಜಗ್ಗಿದರು. ಬ್ರೇಕಕ್ಕ ಮುಗ್ಗರಿಸಿ ಹೋಗಿ ಗಲ್ಲಾಪೆಟ್ಟಿಗೆಯ ಮೇಜಿಗೆ ಹೊಟ್ಟೆ ತಾಗಿಸಿಕೊಂಡಳು.

"ಇದು ಮುದುಕನ ಒಂದು ಕೈ. ನೀವು ಕೇಳಿದ್ದು ಇಂಥ ನಾಲ್ಕು ಜನ, ಅದೂ ಬಿಡದೆ ಎಳೆದ ಹಾಗೆ. ಮೊದಲನೇದು ಯಾವಾಗಲೂ ಸಣ್ಣದಿರಲಿ, ಅಮ್ಮ. ಎರಡು ದಾರ ಸಾಕು. ಎಡಗೈ ಎಳೆದರೆ ಎಡಕ್ಕೆ, ಬಲಗೈ ಎಳೆದರೆ ಬಲಕ್ಕೆ. ಮಣಿಕಟ್ಟಿಗೆ ಒಂದು ಪಟ್ಟಿ ಬರತ್ತೆ. ಹೆದರಿಕೆ ಆದರೆ ಹಿಡಿ ಬಿಟ್ಟುಬಿಡಿ. ಪಟ ಸೋತು ಕೆಳಗೆ ಬೀಳತ್ತೆ, ಆ ಪಟ್ಟಿ ಇರೋದರಿಂದ ಹಾರಿಹೋಗಲ್ಲ. ಅದರಲ್ಲಿ ಕೈ ಕುದುರಲಿ, ಆಮೇಲೆ ದೊಡ್ಡದು." ಹೇಳಿ, "ನೀವೇನು ಕೆಲಸ ಮಾಡೋದು?" ಎಂದು ಕೇಳಿದರು.

"ಡ್ರೈವಿಂಗ್ ಕಲಿಸ್ತೀನಿ" ಎಂದಳು. ಹೇಳುವಾಗಲೇ ಕಿವಿ ಬಿಸಿಯಾಯಿತು. ಅಪ್ಪನ ದೊಡ್ಡ ಕಾರಿನಲ್ಲೇ ಕಲಿಸಿ ಎಂದು ಬಂದ ಹುಡುಗಿಯೊಬ್ಬಳಿಗೆ, ಅಂಬೆಗಾಲಿಡುವ ಮೊದಲೇ ಓಡ್ತೀಯಾ ಎಂದು ಅವಳು ಮೊನ್ನೆ ಮೊನ್ನೆ ಬೈದು ಕಳಿಸಿದ್ದಳು.

ಸಣ್ಣದನ್ನೇ ಕೊಂಡಳು. ಆದರೆ ಬಣ್ಣದಲ್ಲಿ ಮಾತ್ರ ಸೋಲಲಿಲ್ಲ. ಅಂಗಡಿಯಲ್ಲಿ ಇದ್ದದ್ದರಲ್ಲೇ ಕಣ್ಣಿಗೆ ಚುಚ್ಚುವಂಥ ಹಳದಿಯನ್ನು ಆರಿಸಿದಳು.

ಅದನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟಳು. ಗಂಡ ಸ್ಟೆಪ್ನಿ ತೆಗೆಯುವಾಗ ಚೀಲ ಸಿಕ್ಕಿ, "ಇದೇನೇ, ಕೊಡೆನಾ?" ಎಂದ. "ಹೂಂ, ಕೊಡೆ" ಎಂದಳು. ಅವನು ಅಷ್ಟಕ್ಕೆ ಸುಮ್ಮನಾಗುವ ಪುಣ್ಯಾತ್ಮ.

ಬೆಳಗ್ಗೆ ಕಲಿಯುವವರು ಬರುವ ಮೊದಲು ಡ್ರೈವಿಂಗ್ ಪರೀಕ್ಷೆಯ ಮೈದಾನ ಖಾಲಿ ಇರುತ್ತಿತ್ತು. ಅಲ್ಲಿ ಕಲಿಯತೊಡಗಿದಳು. ವರ್ಷಗಟ್ಟಲೆ ಸ್ಟಿಯರಿಂಗ್ ಹಿಡಿದ ಕೈ, ಎಳೆಯುವ ಬದಲು ಸುಮ್ಮನೆ ತಿರುಗಿಸುತ್ತಿತ್ತು. ಪಟ ಅವಳ ಮಾತು ಕೇಳದೆ ತಲೆಕೆಳಗಾಗಿ ಧೊಪ್ಪನೆ ಬೀಳುತ್ತಿತ್ತು. ಗಾಳಿ ಒಂದು ಕಡೆ, ಅವಳು ಒಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ತಾನು ದಿನವಿಡೀ ಬೈಯುವ ಬೈಗುಳಗಳನ್ನೆಲ್ಲ ತನಗೇ ಬೈದುಕೊಂಡಳು. ಸಾಕು ಅನಿಸಿದಾಗೆಲ್ಲ ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಕೂತ ಭಂಗಿ ನೆನಪಾಗುತ್ತಿತ್ತು. ತಕ್ಷಣ ಪಟದ ಮೇಲಿನ ಮಣ್ಣು ಕೊಡವಿ ಮತ್ತೆ ಏರಿಸುತ್ತಿದ್ದಳು. ಹೊಟ್ಟೆಕಿಚ್ಚಿನಷ್ಟು ಒಳ್ಳೆಯ ಮೇಷ್ಟ್ರು ಅವಳಿಗೆ ಹಿಂದೆ ಸಿಕ್ಕಿರಲಿಲ್ಲ. ಕೊನೆಗೊಂದು ಬೆಳಗ್ಗೆ ಹಳದಿ ಪಟ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ಬಂತು.

ಮುಂದಿನ ಭಾನುವಾರ ದಂಡೆಯಲ್ಲಿ ಗಾಳಿ ಹಗುರವಾಗಿತ್ತು. ಓರಗಿತ್ತಿಯ ಕೆಂಪು ಪಟ ಮೇಲೇರಿತು, ಎಲ್ಲರ ಕತ್ತೂ ಅತ್ತ ತಿರುಗಿತು. ಬ್ರೇಕಕ್ಕ ಡಿಕ್ಕಿಯಿಂದ ಚೀಲ ತೆಗೆದು, ಇತ್ತ ಕಡೆ ನಿಂತು ತನ್ನದನ್ನು ಏರಿಸಿದಳು. ಯಾರೂ ನೋಡಲಿಲ್ಲ. ಒಮ್ಮೆ ಕೆಮ್ಮಿದಳು, ಆಗ ಮೈದುನ ತಿರುಗಿದ.

"ಅರೆ, ಅತ್ತಿಗೆ! ಇದು ಅದರ ಮರಿಯಾ?"

ಗಂಡ ಪಕ್ಕೆ ಹಿಡಿದು ನಕ್ಕ. "ನನಗೆ ಕೊಡೆ ಅಂದಿದ್ದಳಪ್ಪ!"

ಬ್ರೇಕಕ್ಕ ಹಿಡಿಗಳನ್ನು ಇನ್ನಷ್ಟು ಬಿಗಿಹಿಡಿದಳು. ಕಣ್ಣಲ್ಲಿ ನೀರು ಬಂತು. ಮರಳು ಬಿತ್ತು ಅಂತ ಹೇಳಿದರಾಯಿತು ಎಂದುಕೊಂಡು ಪಟದ ಮೇಲೇ ದೃಷ್ಟಿ ನೆಟ್ಟಳು. ಅಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿ ಮರಳಿನಲ್ಲಿ ಎಳೆಯುವ ಸದ್ದು. ಅತ್ತೆ ಕುರ್ಚಿಯಿಂದ ಎದ್ದು ಬಂದಿದ್ದರು.

"ಏನೇ, ಇದು ನನ್ನನ್ನ ಎಳೆದುಕೊಂಡು ಹೋಗತ್ತಾ?"

"ಇಲ್ಲ ಅತ್ತೆ, ಈ ಗಾಳೀಲಿ ಏನೂ ಆಗಲ್ಲ."

"ಹಾಗಾದ್ರೆ ಕೊಡು ಇಲ್ಲಿ. ಅವಳದ್ದನ್ನ ಮುಟ್ಟೋಕೆ ಭಯ ಆಗತ್ತೆ ಕಣೇ, ಬರೀ ನೋಡಿ ನೋಡಿ ಕತ್ತು ನೋವು."

ಬ್ರೇಕಕ್ಕ ಅತ್ತೆಯ ಹಿಂದೆ ನಿಂತು ಸೊಂಟ ಹಿಡಿದುಕೊಂಡಳು, ಹಿಡಿಗಳನ್ನು ಅತ್ತೆಯ ಕೈಗಿತ್ತಳು. ದಾರ ಬಿಗಿಯಾದದ್ದೇ ಅತ್ತೆ "ಅಯ್ಯಯ್ಯೋ" ಎಂದು ಚೀರಿದರು. ಆಮೇಲೆ ನಗತೊಡಗಿದರು. ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳಲೂ ಮರೆತು, ಎಳೆ ಹುಡುಗಿಯಂತೆ ನಕ್ಕರು. ಆ ನಗು ಕೇಳಿ ಮೈದುನ ಬಂದ, ಗಂಡ ಬಂದ. ಅವರಿಗೂ ಬೇಕಾಯಿತು. "ತಿರುಗಿಸಬೇಡಿ ರೀ, ಎಳೀರಿ! ನಿಮಗೇ ಹೇಳಿದ್ದು!" ಎಂದು ಬ್ರೇಕಕ್ಕ ಗಂಡನಿಗೆ ಗದರುತ್ತಿದ್ದಳು. ಬೇರೆ ದಿನವಾಗಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಕೆಂಪು ಪಟ ಯಾವಾಗ ಇಳಿಯಿತೋ ಯಾರೂ ಗಮನಿಸಲಿಲ್ಲ. ಓರಗಿತ್ತಿ ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದು ನಿಂತಳು.

"ಅಕ್ಕ, ನನಗೂ ಒಂದ್ಸಲ ಕೊಡ್ತೀರಾ?"

"ನಿನಗ್ಯಾಕಮ್ಮ? ಅಷ್ಟು ದೊಡ್ಡದಿದೆಯಲ್ಲ."

"ದೊಡ್ಡದೇನೋ ಇದೆ, ಆದರೆ ಹತ್ತಿರ ಯಾರು ಬರ್ತಾರೆ? ನಾನೊಬ್ಬಳೇ ಆ ಕಡೆ, ನೀವೆಲ್ಲ ಈ ಕಡೆ. ಈಗ ಅತ್ತೆ ನಿಮ್ಮ ಜೊತೆ ಹಾಗೆ ನಗೋದು ಕೇಳಿ ನನಗೆ ಹೊಟ್ಟೆ ಉರೀತು ಅಕ್ಕ. ಸುಳ್ಳು ಯಾಕೆ ಹೇಳಲಿ?"

ಬ್ರೇಕಕ್ಕ ಗಂಡನ ಕೈಯಿಂದ ಹಿಡಿಗಳನ್ನು ತೆಗೆದುಕೊಂಡಳು. ತಿಂಗಳುಗಟ್ಟಲೆ ತಾನು ನುಂಗಿಕೊಂಡು ಬೆಂದ ಮಾತನ್ನು ಈ ಹುಡುಗಿ ಉಗುಳಿದಷ್ಟು ಸುಲಭವಾಗಿ ಹೇಳಿಬಿಟ್ಟಳಲ್ಲ! ಅದನ್ನೂ ಇವಳೇ ಮೊದಲು ಹೇಳಬೇಕಿತ್ತೇ ಎಂದು ಅದಕ್ಕೂ ಒಂದಿಷ್ಟು ಉರಿ ಎದ್ದಿತು. ಆದರೂ "ತಗೋ" ಎಂದು ಹಿಡಿಗಳನ್ನು ಕೊಟ್ಟಳು. "ನನಗೂ ಉರಿದಿದೆ" ಎಂದು ಮೆಲ್ಲಗೆ ಸೇರಿಸಿದಳು. "ನಿನಗಿಂತ ಮುಂಚಿನಿಂದ."

ಓರಗಿತ್ತಿ ಗಟ್ಟಿಯಾಗಿ ನಕ್ಕಳು. ಹಳದಿ ಪಟ ಅವಳ ಕೈಯಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನುಣ್ಣಗೆ ಸುತ್ತಿತು. ಬ್ರೇಕಕ್ಕ ಮೈದಾನದಲ್ಲಿ ಅಷ್ಟು ಪಾಡುಪಟ್ಟು ಕಲಿತದ್ದನ್ನು ಅವಳು ಸುಮ್ಮನೆ, ಮಾತಾಡುತ್ತಲೇ ಮಾಡಿದಳು. ಬ್ರೇಕಕ್ಕ ಮುಖ ತಿರುಗಿಸಿಕೊಂಡು ಅತ್ತೆಯ ಕುರ್ಚಿ ಮಡಚಲು ಹೋದಳು.

ಆಮೇಲಿನ ಭಾನುವಾರಗಳಲ್ಲಿ ಓರಗಿತ್ತಿ ಅವಳಿಗೆ ದೊಡ್ಡ ಪಟ ಹಿಡಿಯುವುದನ್ನು ಕಲಿಸಿದಳು. ಒಮ್ಮೆ ಇಬ್ಬರನ್ನೂ ಅದು ಎಳೆದುಕೊಂಡು ಹೋಗಿ ಮರಳಿನಲ್ಲಿ ಉರುಳಿಸಿತು. ಪ್ರತಿಯಾಗಿ ಓರಗಿತ್ತಿ ಕಾರು ಓಡಿಸುವುದು ಕಲಿಯಬೇಕೆಂದಳು. ಬ್ರೇಕಕ್ಕ ಕಲಿಸಿದಳು. ಅಗತ್ಯಕ್ಕಿಂತ ಹೆಚ್ಚೇ ಬೈದಳು, ಆದರೆ ಒಂದನ್ನೂ ಮುಚ್ಚಿಡದೆ ಕಲಿಸಿದಳು. ಓರಗಿತ್ತಿ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದಳು.

ಅಂದು ಅಕ್ಕಪಕ್ಕದ ಮನೆಗಳಿಗೆಲ್ಲ ಬ್ರೇಕಕ್ಕನೇ ಹೋಗಿ, ನಾನೇ ಕಲಿಸಿದ್ದು ಎಂದು ಹೇಳಿ ಸಿಹಿ ಹಂಚಿ ಬಂದಳು. ಒಳಗೆ ಬಂದು ಗಂಡನ ಪಕ್ಕ ಕೂತು ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು: "ನಾನು ಎರಡನೇ ಸಲಕ್ಕೆ ಪಾಸಾಗಿದ್ದು. ಅವಳೂ ಎರಡನೇ ಸಲಕ್ಕೆ ಆಗಿದ್ದರೆ ಯಾರ ಗಂಟು ಹೋಗ್ತಿತ್ತು, ಹೇಳಿ?"