ಬಾಣಂತಿ ಸಸಿಗಳು

ಆಗ ರಾಮಮೂರ್ತಿ ನಗರದಲ್ಲಿ ಮನೆಗೊಂದು ಹಿತ್ತಲಿತ್ತು ಅಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ನಮ್ಮ ಹಿತ್ತಲಿನ ಮಾವು ತಿಂದವರಿಗೆ ಗೊತ್ತು. ಸಿಪ್ಪೆಯ ಹತ್ತಿರ ಹುಳಿ, ಒಳಗೆ ಕಲ್ಲುಸಕ್ಕರೆ. ಹುಲ್ಲಿನಲ್ಲಿಟ್ಟು ಮಾಗಿಸಿದರೆ ಬೀದಿಯೆಲ್ಲ ಘಮ್ಮೆನ್ನುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುವುದೆಂದು ಅಪ್ಪ, ಚಿಕ್ಕಪ್ಪ ತೀರ್ಮಾನಿಸಿದರು. ತಾತ ಬೇಡ ಎನ್ನಲಿಲ್ಲ. ಮರ ಕಡಿಯುವ ಹಿಂದಿನ ದಿನ ಅದರ ಕಡ್ಡಿಗಳನ್ನು ಕೊಯ್ದು, ಕಾಡುಮಾವಿನ ಸಸಿಗಳ ತಲೆ ಸೀಳಿ, ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿದರು. ನೀರು ಇಳಿಯದಿರಲೆಂದು ಮೇಣದಬತ್ತಿ ಕರಗಿಸಿ ಹನಿಸಿದರು. ಮೇಲೆ ಟೋಪಿಯ ಹಾಗೆ ಐಸ್ ಕ್ಯಾಂಡಿಯ ಖಾಲಿ ಕವರು. ಕವರು ಬೇಕಲ್ಲ ಎಂಬ ನೆಪದಲ್ಲಿ ಚೀಪಿ ಚೀಪಿ ನನ್ನ ನಾಲಿಗೆಯೆಲ್ಲ ಕಿತ್ತಳೆ ಬಣ್ಣವಾಗಿತ್ತು. ಅಂಥ ಸುಖದ ಕೆಲಸ ನನಗೆ ಮತ್ತೆ ಸಿಗಲಿಲ್ಲ.

"ಕಸಿ ಗಿಡ ಅಂದ್ರೆ ಹಸಿ ಬಾಣಂತಿ ಇದ್ದಂಗೆ. ಗಾಳಿ ತಾಕಿಸ್ಬೇಡಿ," ಎಂದು ಮನೆಯವರಿಗೆಲ್ಲ ಹೇಳಿ ತಾತ ಅವನ್ನು ಜಗಲಿಯ ಮೂಲೆಯಲ್ಲಿಟ್ಟರು. ಮಾರನೆಯ ದಿನ ಮರ ಹೋಯಿತು. ಕೆಲವು ದಿನಗಳಲ್ಲೇ ಕವರಿನೊಳಗೆ ಮೊಗ್ಗು ಉಬ್ಬಿದ್ದು ಕಂಡು ನಾನು ಕುಣಿದಾಡಿಬಿಟ್ಟೆ.

ಆಮೇಲೆ ಜಡಿಮಳೆ ಹಿಡಿಯಿತು. ತಾತ ಕೆ.ಆರ್. ಪುರದ ಸಂತೆಗೆ ಹೋಗಿದ್ದ ದಿನ ನಾನು ಸ್ಕೂಲಿನಿಂದ ಬಂದರೆ ಮನೆಯೆಲ್ಲ ಸಾಂಬ್ರಾಣಿ ವಾಸನೆ. ಯಾರ ಮನೆಯ ಮಗು ಬಂದಿದೆಯೋ ಎಂದುಕೊಂಡೆ. ನಮ್ಮಜ್ಜಿ ಬೀದಿಯ ಬಾಣಂತಿಯರಿಗೆಲ್ಲ ನೀರೆರೆದವಳು. ನೋಡಿದರೆ ಕವರುಗಳನ್ನೆಲ್ಲ ತೆಗೆದು, ಸಸಿಗಳ ಮಧ್ಯೆ ಕೆಂಡದ ಬಾಣಲೆ ಇಟ್ಟು, ಮೇಲೆ ಬಿದಿರಿನ ಮಂಕರಿ ಕವುಚಿದ್ದಾಳೆ!

"ಅಯ್ಯೋ ಅಜ್ಜಿ, ಏನ್ ಮಾಡ್ತಿದ್ಯಾ?"

"ಥಂಡಿ ಹಿಡಿದದೆ ಕಣೇ. ಕವರೊಳಗೆ ಹೆಂಗೆ ಬೆವ್ತಿದ್ವು ಪಾಪ! ಬಾಣಂತನ ಮಾಡೋದು ನಿಮ್ ತಾತಂಗೇನು ಗೊತ್ತು? ಹೊಗೆ ಕೊಟ್ರೆ ಸರಿಹೋಯ್ತವೆ ಬಿಡು."

ಮಂಕರಿ ಎತ್ತಿದೆ. ಮೇಣವೆಲ್ಲ ಕರಗಿ ಕಾಂಡದ ಮೇಲೆ ಇಳಿದಿತ್ತು. ಮೊಗ್ಗುಗಳು ಬಾಡಿ ಜೋತಿದ್ದವು.

ತಾತ ಬಂದು ನೋಡಿ ಅಲ್ಲೇ ಕುಕ್ಕರಿಸಿದರು. ಅಜ್ಜಿಯ ಮುಖ ಸಣ್ಣಗಾಯಿತು. "ನಾನೇನು ಬೇಕಂತ ಮಾಡಿದ್ನಾ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳನ್ನು ಬೈಯುವುದಾದರೂ ಹೇಗೆ?

"ತಾತ, ಬೇರೆ ಕಡ್ಡಿ ಕಟ್ಟಿ," ಎಂದೆ.

"ಎಲ್ಲಿಂದ ತರ್ಲವ್ವಾ?"

ಹಿತ್ತಲಿನಲ್ಲಿ ಪಾಯದ ಗುಂಡಿ ನೀರು ತುಂಬಿ ನಿಂತಿತ್ತು. ತಾತ ಮತ್ತೆ ಮೇಣ ಹಚ್ಚಿದರು, ಕವರು ಹಾಕಿದರು. ಅಜ್ಜಿ ಊರಮ್ಮನಿಗೆ ಹರಕೆ ಕಟ್ಟಿಕೊಂಡಳು. ನಾನು ದಿನಾ ಹೋಗಿ ನೋಡುತ್ತಿದ್ದೆ. ಕಡ್ಡಿಗಳು ಒಂದೊಂದಾಗಿ ತುದಿಯಿಂದ ಕಪ್ಪಾಗುತ್ತಾ ಬಂದವು. ನೋಡುತ್ತಾ ನಿಲ್ಲುವುದು ಬಿಟ್ಟು ನಮ್ಮ ಕೈಯಲ್ಲಿ ಏನೂ ಆಗಲಿಲ್ಲ. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತಲೂ ಗೊತ್ತಿರಲಿಲ್ಲ.

ಈಗ ಬೇಸಿಗೆಯಲ್ಲಿ ಹೊಸ ತಿಪ್ಪಸಂದ್ರದ ಮಾರ್ಕೆಟ್ಟಿಗೆ ಹೋದರೆ ರಸಪುರಿ, ಬಾದಾಮಿ, ಮಲ್ಲಿಕಾ ಅಂತ ಹೆಸರು ಕೂಗುತ್ತಾರೆ. "ನಿಮ್ಗೆ ಯಾವ್ದು ಕೊಡ್ಲಿ ಅಕ್ಕಾ?" ಅನ್ನುತ್ತಾನೆ ಹಣ್ಣಿನವನು. ನಮ್ಮ ಹಣ್ಣಿಗೆ ಯಾರೂ ಹೆಸರೇ ಇಟ್ಟಿರಲಿಲ್ಲ. ಏನಂತ ಕೇಳಲಿ?