ನಾಡು ಬಿಟ್ಟರೂ ನಾಡಿ ಬಿಡದ ಡಾಕ್ಟರು

“ನಾಡಿ ಬಘೂ,” ಎಂದು ಡಾಕ್ಟರ್ ಮುರಾರಿ ರಾಯರು ಮರಾಠಿಯಲ್ಲಿ ಹೇಳಿ ಕೈ ಚಾಚಿದ್ದಷ್ಟೇ. ಎದುರಿಗಿದ್ದ ಸೈದಪ್ಪ ಅನುಮಾನಿಸುತ್ತ ಒಮ್ಮೆ ಬಾಗಿಲ ಕಡೆ ನೋಡಿ, ಪೈಜಾಮದ ಲಾಡಿ ಎಳೆದೇಬಿಟ್ಟ. ಪೈಜಾಮ ಡಾಕ್ಟರರ ಚಪ್ಪಲಿಯ ಮೇಲೆ ಬಿತ್ತು. ಹೊರಗೆ ಬೆಂಚಿನಲ್ಲಿ ಕೂತಿದ್ದ ಹೆಂಗಸರು ಒಟ್ಟಿಗೇ ಕೆಮ್ಮಿದರು.

ತಪ್ಪು ಅವನದಲ್ಲ. ಮರಾಠಿಯಲ್ಲಿ ಬಘೂ ಎಂದರೆ ನೋಡೋಣ; ನಾಡಿ ಎಂದರೆ ಕೈಯ ನಾಡಿಯೂ ಹೌದು, ಲಾಡಿಯೂ ಹೌದು. ಭಿವಂಡಿಯ ಬಟ್ಟೆ ಗೋದಾಮಿನಲ್ಲಿ ದಿನವಿಡೀ ಲಾಡಿಯ ಗಂಟು ಹೊರುವವನಿಗೆ ಬೇರೆ ಯಾವ ಅರ್ಥ ಹೊಳೆದೀತು?

“ಯಪ್ಪಾ, ಹೊಟ್ಟಿ ನೋವಿಗೆ ಇಷ್ಟೆಲ್ಲಾ ಬೇಕೇನ್ರೀ?” ಪೈಜಾಮ ಎತ್ತಿಕೊಳ್ಳುತ್ತ ಸೈದಪ್ಪ ಗೊಣಗಿದ.

“ಅಯ್ಯೋ, ಕನ್ನಡದವರಾ ಮಾರಾಯ್ರೇ? ಮೊದಲೇ ಹೇಳುವುದಲ್ವಾ?”

“ನೀವೂ ಹೇಳಲಿಲ್ಲಲ್ರೀ!”

ಮೂಲೆಯ ಸ್ಟೂಲಿನಲ್ಲಿದ್ದ ರಾಯರ ಸೊಸೆ ಅಶ್ಮಿತಾ ಹಣೆ ಒತ್ತಿಕೊಂಡಳು. ಮನೆಯವರೆಲ್ಲ ದೂರದ ಘೋಡಬಂದರ್ ರಸ್ತೆಯ ಹೊಸ ಫ್ಲ್ಯಾಟಿಗೆ ಹೋಗುವುದು ನಿಶ್ಚಯವಾಗಿತ್ತು. ಮಾವ ಮಾತ್ರ ಡೊಂಬಿವಲಿಯ ಈ ದವಾಖಾನೆ ಬಿಟ್ಟು ಬರಲೊಲ್ಲರು. ಕೊನೆಗೆ ಒಪ್ಪಂದವಾಯಿತು: ಅಶ್ಮಿತಾ ಒಂದು ದಿನ ಕೂತು ನೋಡುವುದು, ಮಾವನಿಗೆ ಇನ್ನು ಕೈಲಾಗದು ಎನಿಸಿದರೆ ಶಟರ್ ಎಳೆಯುವುದು. ಶಟರಿಗಿಂತ ಮೊದಲು ಪೈಜಾಮವೇ ಇಳಿದಿತ್ತು.

ಪೇಟೆಯಲ್ಲಿ ರಾಯರಿಗೆ ‘ಹತ್ತೊಂಬತ್ತನೇ ಶತಮಾನದ ಡಾಕ್ಟರು’ ಎಂದೇ ಹೆಸರು. ಓದಿದ್ದು ಎಂ.ಬಿ.ಬಿ.ಎಸ್. ಆದರೂ, ಕುಂದಾಪುರದಲ್ಲಿ ಆ ಕಾಲಕ್ಕೆ ವೈದ್ಯವೃತ್ತಿ ಮಾಡಿದ್ದ ಮುತ್ತಜ್ಜನ ಹಾಗೆ ಇವರೂ ನಾಲಿಗೆ ನೋಡುವವರು, ನಾಡಿ ಹಿಡಿಯುವವರು, ಗಂಜಿ ಕುಡಿಯಿರಿ ಎನ್ನುವವರು. ನಾಡು ಬಿಟ್ಟು ಬಂದರು, ನಾಡಿ ಬಿಡಲಿಲ್ಲ. ಸ್ಕ್ಯಾನು, ಗೀನು ಎಂದವರಿಗೆ, “ಮೊದಲು ಮನುಷ್ಯನನ್ನು ನೋಡುವ, ಆಮೇಲೆ ಅವನ ಫೋಟೊ,” ಎನ್ನುತ್ತಿದ್ದರು.

ಈಗ ಅವರು ಸೈದಪ್ಪನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. ಫ್ಯಾನು ಕಿರುಗುಟ್ಟಿತು. ಮಧ್ಯಾಹ್ನದ ಲೋಕಲ್ ರೈಲು ಒಂದು ಹೋಯಿತು, ಇನ್ನೊಂದು ಬಂತು. ರಾಯರು ಕಣ್ಣು ತೆರೆಯಲಿಲ್ಲ. ಸೈದಪ್ಪ ಬೆವರಿದ. ಈ ಮುದುಕರಿಗೆ ಒಳಗಿನದೆಲ್ಲ ಕಾಣುತ್ತಿದೆಯೆಂದು ಅವನಿಗೆ ಖಾತ್ರಿಯಾಯಿತು.

“ಸಾಹೇಬ್ರ, ಖರೇ ಹೇಳ್ತೀನ್ರೀ,” ಎಂದು ಬಾಯಿಬಿಟ್ಟ. “ನಡಾ ನೋವಿಗಂತ ಮೆಡಿಕಲ್ ಅಂಗಡ್ಯಾಂವ ಕೊಟ್ಟ ಗುಳಗಿ ದಿನಾ ನುಂಗ್ತೀನ್ರೀ. ಖಾಲಿ ಹೊಟ್ಟೀಲೇ.”

ರಾಯರು ತಟ್ಟನೆ ತಲೆಯೆತ್ತಿದರು. “ಹಾಂ? ಎಂಥ ಗುಳಿಗೆ? ಅದೇ ಹೊಟ್ಟೆ ಸುಡುವುದು! ಇವತ್ತೇ ನಿಲ್ಲಿಸಿ. ಮಲ ಕಪ್ಪಗೆ ಹೋಗ್ತದಾ? ಇಲ್ವಾ? ಬದುಕಿದಿರಿ.” ಹೊಟ್ಟೆ ಒತ್ತಿ ನೋಡಿ, ಔಷಧಿ ಕೊಟ್ಟು, ಗಂಜಿಯನ್ನೂ ಹೇಳಿದರು. ಸೈದಪ್ಪ ಕಾಲು ಮುಟ್ಟಿ ನಮಸ್ಕರಿಸಿದ, ಒಂದು ಕೈಯಲ್ಲಿ ಲಾಡಿ ಹಿಡಿದುಕೊಂಡೇ.

ಅಶ್ಮಿತಾ ಸ್ಟೂಲಿನಿಂದ ಎದ್ದಳು. ಯಾವ ಮಶೀನು ಹೇಳೀತು ಇದನ್ನು! ಈ ಶಟರ್ ಎಳೆಯುವುದು ತನ್ನಿಂದಾಗದ ಮಾತು ಎಂದುಕೊಂಡಳು.

“ಮಾವ, ಅಷ್ಟು ಹೊತ್ತು ಕಣ್ಣು ಮುಚ್ಚಿದ್ರಲ್ಲ, ನಾಡಿಯಲ್ಲಿ ನಿಮಗೆ ಎಂಥ ಕೇಳಿಸಿತು?”

ರಾಯರು ಕನ್ನಡಕ ಒರೆಸಿದರು.

“ಎಂಥದೂ ಇಲ್ಲ ಮಗಾ. ಊಟ ಸ್ವಲ್ಪ ಜಾಸ್ತಿಯಾಗಿತ್ತು, ನಿದ್ದೆ ಬಂತು.”