ಖಾಲಿ ಕಳಿಸದ ಡಬ್ಬಿ

ಬೆಳಿಗ್ಗೆ ಕಾಫಿ ಕುಡಿದು ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ನಡುವೆ ಮೊದಲು ಬಂದು ನಿಲ್ಲುತ್ತಿದ್ದದ್ದು ಒಂದು ಸಣ್ಣ ಕಿಟಕಿ. ಅರ್ಥವಿಲ್ಲದ ಉದ್ದನೆಯ ಹೆಸರಿನ ಯಾವುದೋ ಸ್ಕ್ರಿಪ್ಟ್ ಫೈಲ್ ಸಿಗುತ್ತಿಲ್ಲ ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಕೆಳಗೆ ‘ಓಕೆ’ ಎಂಬ ಒಂದೇ ಗುಂಡಿ. ಯಾರಾದರೂ ಏನನ್ನಾದರೂ ಕಳೆದುಕೊಂಡೆ ಎಂದರೆ ‘ಸೋ ಸಾರಿ’ ಎನ್ನಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ನಾನು ಮನಸ್ಸಿನಲ್ಲೇ ಒಂದು ಸಾರಿ ಹೇಳಿ, ಓಕೆ ಒತ್ತಿ, ನನ್ನ ಕೆಲಸಕ್ಕೆ ಹೋಗುತ್ತಿದ್ದೆ.

“ದಿನಾ ಅದಕ್ಕೆ ಓಕೆ ಅಂತೀಯಲ್ಲ, ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೊಂದಿನ ಅಂದಿದ್ದೀಯೇನೆ?” ಎಂದು ಪೇಪರಿನ ಹಿಂದಿನಿಂದ ನಮ್ಮವರು ಕೇಳುತ್ತಿದ್ದರು.

“ನೀವು ಅದರಷ್ಟು ಪೊಲೈಟ್ ಆಗಿ ಯಾವತ್ತು ಕೇಳಿದ್ದೀರಿ?”

ಚನ್ನಗಿರಿಯ ನಮ್ಮ ಮನೆಯಲ್ಲಿ ಮೊದಲು ಹೊಲಿಗೆ ಮಷೀನ್ ಇದ್ದ ಜಾಗದಲ್ಲಿ ಈಗ ಆ ಕಂಪ್ಯೂಟರ್ ಇದೆ. ಮಗಳು ಹೊಸದು ಕೊಂಡಾಗ ಹಳೆಯದನ್ನು ನನಗೆ ತಂದಿಟ್ಟಳು. ಹುಡುಗಿಯಾಗಿದ್ದಾಗ ಟೈಪ್‌ರೈಟಿಂಗ್ ಕಲಿತಿದ್ದೆನಾದ್ದರಿಂದ ಬೆರಳುಗಳಿಗೆ ಅಕ್ಷರಗಳ ದಾರಿ ಮರೆತಿರಲಿಲ್ಲ. ಆದರೆ ಅದರಲ್ಲಿ ನನ್ನದು ಎಂದು ಇದ್ದದ್ದು ಒಂದೇ ಫೋಲ್ಡರ್. ಅದಕ್ಕೆ ‘ಅಕ್ಕನ ಹಾಡು’ ಎಂದು ಹೆಸರಿಟ್ಟಿದ್ದೆ.

ಅಕ್ಕ ಎಂದರೆ ನನ್ನ ವಾರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಹೊನ್ನಾಳಿಯಲ್ಲಿದ್ದಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳಿಗೆ ‘ನೀವು’ ಎನ್ನುತ್ತಿದ್ದೆ. “ಸಾಕು ಬಿಡೇ, ನಾನೇನು ನಿಮ್ಮ ಸ್ಕೂಲಿನ ಹೆಡ್‌ಮಿಸ್ಸಾ?” ಎಂದು ನಕ್ಕಳು. ಅಂದಿನಿಂದ ನಾನು ಅವಳಿಗೆ ನೀನು ಎಂದೆ. ಅವಳು ನನಗಿಟ್ಟ ಹೆಸರು ‘ಕಾನ್ವೆಂಟು’.

ಅಕ್ಕನ ತವರು ನ್ಯಾಮತಿ ಕಡೆಯ ಗೋವಿನಕೋವಿ. ಅಲ್ಲಿ ಅವಳು ತನ್ನ ತಾಯಿಯ ಬಾಯಿಂದ ಕಲಿತ ಸೋಬಾನೆ ಹಾಡುಗಳಿಗೆ ಲೆಕ್ಕವಿರಲಿಲ್ಲ. ಅರಿಶಿಣ ಹಚ್ಚುವಾಗ ಒಂದು, ಬಳೆ ತೊಡಿಸುವಾಗ ಒಂದು, ಬೀಗರನ್ನು ಹಂಗಿಸುವುದಕ್ಕೆ ಬೇಕಾದಷ್ಟು, ಹೆಣ್ಣು ಒಪ್ಪಿಸುವಾಗ ಎಲ್ಲರನ್ನೂ ಅಳಿಸುವುದಕ್ಕೆ ಇನ್ನೊಂದು. ನಮ್ಮ ಬಳಗದಲ್ಲಿ ಅಕ್ಕ ಹಾಡದ ಮದುವೆಯೇ ಇಲ್ಲ. ನನಗೆ ಬರುತ್ತಿದ್ದದ್ದು ಸ್ಕೂಲಿನ ಪ್ರೇಯರ್ ಮಾತ್ರ. “ನಮ್ಮ ಕಾನ್ವೆಂಟಿಗೆ ಬಾಯಿ ಇಲ್ಲ, ಕೈ ಐತೆ, ಚಪ್ಪಾಳೆ ಹೊಡಿತಾಳೆ” ಎಂದು ಹೇಳಿ ನನ್ನನ್ನು ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುತ್ತಿದ್ದಳು.

ಅವಳಿಗೆ ಗಂಟಲಿನ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದಾಗ, ನಾನು ಮೊಬೈಲ್ ಹಿಡಿದು ಹೊನ್ನಾಳಿಗೆ ಹೋಗಿ ಅವಳ ಅಡುಗೆಮನೆಯಲ್ಲಿ ಕೂತೆ. ಗೊತ್ತಿರುವ ಹಾಡುಗಳನ್ನೆಲ್ಲ ಹಾಡಿಸಿ ರೆಕಾರ್ಡ್ ಮಾಡಿದೆ. “ಬಾಗಿಲು ಹಾಕಕ್ಕಾ, ಡಿಸ್ಟರ್ಬೆನ್ಸ್ ಬರುತ್ತೆ” ಎಂದರೆ, “ಬಾಗಿಲು ಹಾಕಿದ್ರೆ ಒಗ್ಗರಣೆ ಹೊಗೆ ನಿನ್ನ ಮೊಬೈಲಿನೊಳಗೆ ಹೋಗ್ಬೇಕೇನೇ?” ಎಂದಳು. ಹಾಗಾಗಿ ಹಾಡುಗಳ ನಡುನಡುವೆ ಕುಕ್ಕರಿನ ಸೀಟಿಯೂ ಇದೆ, ನಾಯಿ ಬೊಗಳುವುದೂ ಇದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ಹೋಳಿಗೆ ತಿನ್ನುತ್ತಾಳೆ, ಬೈಯುತ್ತಾಳೆ. ಆದರೆ ಎಲ್ಲವೂ ಪಿಸುಮಾತಿನಲ್ಲಿ. ದನಿ ವಾಪಸ್ ಬರಲಿಲ್ಲ.

ಅವಳ ಮೊಮ್ಮಗಳಿಗೆ ಜಗಳೂರಿನ ಸಂಬಂಧ ಗೊತ್ತಾದಾಗ ಹುಡುಗಿ ನನಗೆ ಫೋನ್ ಮಾಡಿದಳು. “ಸಣ್ಣಜ್ಜಿ, ಅರಿಶಿಣದ ದಿನ ನಮ್ಮಜ್ಜಿ ದನಿನೇ ಬೇಕು. ಸ್ಪೀಕರ್‌ನಾಗೆ ಹಾಕ್ತೀವಿ.” ಅದರ ಹಿಂದೆಯೇ ಅಕ್ಕನ ಪಿಸುಮಾತು ಕೇಳಿಸಿತು. “ದನಿ ಇಲ್ಲದೆ ಅರಿಶಿಣದ ಮನೇಲಿ ಹೆಂಗೆ ಕುಂದ್ರಲಿ, ಒಳಗೇ ಇದ್ದುಬಿಡಾನ ಅನ್ಕಂಡಿದ್ದೆ ಕಣೇ. ನೀನು ಹಾಡು ತರ್ತೀಯ ಅಂದ್ರೆ ನಾನೂ ಹೊರಗೆ ಬಂದು ಕುಂದ್ರತೀನಿ.”

ಅಷ್ಟು ಸಾಕಾಗಿತ್ತು ನನಗೆ. ದಿನಾ ಮಧ್ಯಾಹ್ನ ಕೂತು ಹಾಡುಗಳನ್ನು ಕತ್ತರಿಸಿ ಹಸನು ಮಾಡತೊಡಗಿದೆ. ನಾಯಿಯನ್ನು ತೆಗೆದೆ, ಕೆಮ್ಮನ್ನು ತೆಗೆದೆ. ಒಂದಿಷ್ಟು ಮುಗಿದ ಕೂಡಲೇ ಪೆನ್‌ಡ್ರೈವಿಗೆ ಹಾಕಿ ಅಕ್ಕನಿಗೆ ಕಳಿಸುತ್ತಿದ್ದೆ. ಅವಳು ಅದನ್ನು ಟಿವಿಗೆ ಸಿಕ್ಕಿಸಿ, ಅಕ್ಕಿ ಆರಿಸುತ್ತಾ ಕೇಳಿ, ‘ಇದು ಬೇಡ, ಇದರಾಗೆ ಸಾಲು ತಪ್ಪೀನಿ’ ಎಂದು ಫೋನಿನಲ್ಲಿ ತೀರ್ಪು ಕೊಟ್ಟು ವಾಪಸ್ ಕಳಿಸುತ್ತಿದ್ದಳು. ಚಿಕ್ಕ ಪೆನ್‌ಡ್ರೈವ್, ಹಳೆಯ ಹಾಡು ಅಳಿಸಿದರೇ ಹೊಸದಕ್ಕೆ ಜಾಗ. ಚನ್ನಗಿರಿಗೂ ಹೊನ್ನಾಳಿಗೂ ಓಡಾಡುವ ನೆಂಟರು ಯಾರಾದರೂ ಸಿಕ್ಕೇ ಸಿಗುತ್ತಿದ್ದರು. ಕಳೆದುಹೋಗಬಾರದೆಂದು ಅದನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕುತ್ತಿದ್ದೆ. ಡಬ್ಬಿ ಅಂದ ಮೇಲೆ ಕೇಳಬೇಕೆ? ಇಲ್ಲಿಂದ ಕೊಬ್ಬರಿ ಮಿಠಾಯಿ ಹೋಗುತ್ತಿತ್ತು, ಅಲ್ಲಿಂದ ಶೇಂಗಾ ಉಂಡೆಯೋ ಅಗಸೆ ಚಟ್ನಿಪುಡಿಯೋ ಬರುತ್ತಿತ್ತು.

ಒಂದು ಬೆಳಿಗ್ಗೆ ಆ ಕಿಟಕಿಗೆ ಓಕೆ ಒತ್ತಿ ನೋಡುತ್ತೇನೆ, ‘ಅಕ್ಕನ ಹಾಡು’ ಫೋಲ್ಡರಿನ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು. ಒತ್ತಿದರೆ ತೆರೆಯಲಿಲ್ಲ. ಮತ್ತೆ ಒತ್ತಿದೆ. ಏನೂ ಇಲ್ಲ. ರೆಕಾರ್ಡ್ ಮಾಡಿದ ಮೊಬೈಲನ್ನು ಎಕ್ಸ್‌ಚೇಂಜಿಗೆ ಕೊಟ್ಟು ಬಹಳ ಕಾಲವಾಗಿತ್ತು. ಈ ಪೆಟ್ಟಿಗೆ ಬಿಟ್ಟರೆ ಅಕ್ಕನ ದನಿ ಪ್ರಪಂಚದಲ್ಲಿ ಬೇರೆಲ್ಲೂ ಇರಲಿಲ್ಲ. “ರೀ, ಅಕ್ಕನ ಹಾಡು ಹೋಯ್ತು!” ಎಂದು ಕೂಗಿದೆ.

ನಮ್ಮವರು ಪೇಪರ್ ಮಡಿಚಿಟ್ಟು ಆಟೋ ತಂದರು. ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿಯವರೊಬ್ಬರಿದ್ದಾರೆ, ಸಂತೇಬೆನ್ನೂರಿನವರು. ಮೊದಲು ರೇಡಿಯೋ ಬಿಚ್ಚುತ್ತಿದ್ದರು, ಆಮೇಲೆ ಟಿವಿ, ಈಗ ಕಂಪ್ಯೂಟರ್. ನನ್ನದನ್ನು ಆನ್ ಮಾಡಿ, ನಾಲ್ಕು ಕಡೆ ಒತ್ತಿ, “ವೈರಸ್ ಬಡದೈತೆ ಅಮ್ಮಾರೆ. ಫಾರ್ಮ್ಯಾಟ್ ಹೊಡದ್ರೆ ಆತು” ಎಂದರು.

“ಹಾಡು?”

“ಎಲ್ಲಾ ಹೋಗ್ತೈತೆ. ಮಷೀನ್ ಮಾತ್ರ ಹೊಸದರಂಗೆ ಆಗ್ತೈತೆ ನೋಡ್ರಿ.”

“ನೋ,” ಎಂದೆ. ಅದು ನಮ್ಮ ಸಿಸ್ಟರ್‌ಗಳ ‘ನೋ’. ಅಂಗಡಿಯಲ್ಲಿ ಚಾರ್ಜರ್ ಕೊಳ್ಳಲು ನಿಂತವರೂ ತಿರುಗಿ ನೋಡಿದರು.

ಅವರು ನಕ್ಕು ಮತ್ತೆ ಕೂತರು. ಬಚ್ಚಿಟ್ಟ ಫೈಲುಗಳನ್ನೂ ತೋರಿಸು ಎಂಬಲ್ಲಿ ಒಂದು ಗುರುತು ಹಾಕಿದ್ದೇ ತಡ, ಬಾಣದ ಫೋಲ್ಡರಿನ ಪಕ್ಕದಲ್ಲಿ ಇನ್ನೊಂದು ‘ಅಕ್ಕನ ಹಾಡು’ ಮೂಡಿತು, ಒಗೆದು ಒಗೆದು ಬಣ್ಣ ಬಿಟ್ಟ ಸೀರೆಯ ಹಾಗೆ ಮಸುಕಾಗಿ. “ಕದ್ದಿಲ್ಲ ಅಮ್ಮಾರೆ, ಬಚ್ಚಿಟ್ಟೈತೆ ಅಷ್ಟೆ!” ಎಂದು ಅವರೇ ಖುಷಿಪಟ್ಟರು. ಕಪ್ಪು ಪರದೆಯೊಂದನ್ನು ತೆರೆದು ಒಂದು ಸಾಲು ಟೈಪ್ ಮಾಡಿದರು. ಫೋಲ್ಡರಿಗೆ ಬಣ್ಣ ವಾಪಸ್ ಬಂತು. ಒತ್ತಿದರೆ ಅಕ್ಕ ಹಾಡಿದಳು, ಕುಕ್ಕರ್ ಕೂಗಿತು. ನಮ್ಮವರು ಮೂಗು ಒರೆಸಿಕೊಂಡು, ಅಂಗಡಿಯಲ್ಲಿ ಧೂಳು ಜಾಸ್ತಿ ಎಂದರು.

ಬೆಳಗಿನ ಕಿಟಕಿಯ ಗುಟ್ಟೂ ಆಗಲೇ ತಿಳಿದದ್ದು. ಸಿಗುತ್ತಿಲ್ಲ ಎಂದು ಅದು ಹೇಳುತ್ತಿದ್ದದ್ದು ವೈರಸ್ಸಿನ ಫೈಲು; ಅದನ್ನು ಆಂಟಿವೈರಸ್ಸು ಹೊಡೆದುಹಾಕಿತ್ತು. ಆದರೆ ಆ ಫೈಲು, ಕಂಪ್ಯೂಟರ್ ಎದ್ದ ಕೂಡಲೇ ಕರೆಯಬೇಕಾದವರ ಪಟ್ಟಿಯಲ್ಲಿ ತನ್ನ ಹೆಸರನ್ನು ಸೇರಿಸಿಟ್ಟಿತ್ತಂತೆ. ಟಿಸಿ ತೆಗೆದುಕೊಂಡು ಹೋದ ಹುಡುಗಿಯ ಹೆಸರನ್ನು ಟೀಚರು ದಿನಾ ಹಾಜರಿಯಲ್ಲಿ ಕೂಗಿದ ಹಾಗೆ. ರಿಪೇರಿಯವರು ಆ ಹೆಸರನ್ನು ಹುಡುಕಿ ತೆಗೆದರು. ಮರುದಿನ ಕಿಟಕಿ ಬರಲಿಲ್ಲ. ನಾನು ಮಿಕ್ಕ ಹಾಡುಗಳನ್ನು ಹಸನು ಮಾಡಿ ಡಬ್ಬಿ ಕಳಿಸಿದೆ. ಡಬ್ಬಿ ಚಟ್ನಿಪುಡಿಯ ಜೊತೆ ವಾಪಸ್ ಬಂತು. ಪೆನ್‌ಡ್ರೈವ್ ಸಿಕ್ಕಿಸಿ ನೋಡಿದೆ, ಅಕ್ಕ ಮದುವೆ ಸೀರೆಗಳ ಫೋಟೋ ಹಾಕಿಸಿದ್ದಳು. ನೋಡಿ ಸಂತೋಷಪಟ್ಟೆ.

ಮಾರನೆಯ ಬೆಳಿಗ್ಗೆ ಕಿಟಕಿ ಬಂದು ನಿಂತಿತ್ತು, ಫೋಲ್ಡರಿಗೆ ಬಾಣ.

ಮತ್ತೆ ಆಟೋ. ರಿಪೇರಿಯವರಿಗೆ ತಮ್ಮ ಕೆಲಸದ ಮೇಲೇ ಅನುಮಾನ ಬಂದು, ಈ ಸಲ ಸೇಫ್ ಮೋಡ್ ಎಂಬಲ್ಲಿ ಎಬ್ಬಿಸಿ ಮೂಲೆಮೂಲೆ ಗುಡಿಸಿದರು. ಆ ಸೇಫ್ ಮೋಡ್ ನನಗೆ ಇಷ್ಟವಾಯಿತು. ಪೌಡರು ಕಾಡಿಗೆ ಇಲ್ಲದೆ, ಮನೆಸೀರೆಯಲ್ಲಿ ಎದ್ದು ಬಂದ ಹಾಗೆ ಕಾಣುತ್ತಿತ್ತು ಪರದೆ. ಎಲ್ಲ ಸರಿಯಾಯಿತು. ಡಬ್ಬಿ ಹೋಯಿತು, ಶೇಂಗಾ ಉಂಡೆ ಬಂತು, ಜೊತೆಗೆ ಪೆನ್‌ಡ್ರೈವಿನಲ್ಲಿ ಯಾವುದೋ ಮಠದ ಭಜನೆ. ಅದರ ಹಿಂದೆಯೇ ಕಿಟಕಿಯೂ ಬಂತು.

“ಇದು ಹಠಮಾರಿ ಐತೆ ಅಮ್ಮಾರೆ,” ಎಂದರು ರಿಪೇರಿಯವರು. “ಗುರುತಿಗೆ ಸಿಗದಂಗೆ ಎಲ್ಲೋ ಒಳಗೆ ಕುಂತೈತೆ. ಹಾಡು ಕಾಪಿ ಮಾಡಿದ್ರೆ ಅದೂ ಜೊತೆಗೇ ಬರಬಹುದು. ಆದಷ್ಟು ಹಾಡು ಆರಿಸಿ ಇಟ್ಕಂಡು, ಈ ಸಲ ಫಾರ್ಮ್ಯಾಟ್ ಮಾಡಾಕೇ ಬೇಕು. ಮದುವೆ ಹತ್ರ ಬಂತು ಅಂತೀರಿ, ಆಮೇಲೆ ಒಂದೂ ಸಿಗದಂಗಾದ್ರೆ ನನ್ನ ಬೈಬೇಡ್ರಿ.”

ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದೆ. ಮನಸ್ಸು ಸರಿಯಿಲ್ಲದಿದ್ದರೆ ನಾನು ಪಾತ್ರೆ ತೊಳೆಯುತ್ತೇನೆ. ಅಕ್ಕನ ಡಬ್ಬಿಯನ್ನು ತೊಳೆದು, ಒರೆಸಿ, ನಾಳೆ ಯಾರಾದರೂ ಹೊನ್ನಾಳಿಗೆ ಹೋದರೆ ಎಂದು ಅದರೊಳಗೆ ಕೊಬ್ಬರಿ ಮಿಠಾಯಿ ಜೋಡಿಸುತ್ತಿದ್ದೆ. ಕೈ ಅಲ್ಲೇ ನಿಂತಿತು. ನಮ್ಮ ಕಡೆ ಪಾತ್ರೆಯನ್ನು ಬರಿದು ಮಾಡಿ ವಾಪಸ್ ಕೊಡುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಇಷ್ಟು ದಿನದಲ್ಲಿ ಆ ಡಬ್ಬಿ ಒಮ್ಮೆಯೂ ಖಾಲಿ ಬಂದಿರಲಿಲ್ಲ. ಪೆನ್‌ಡ್ರೈವೂ ಖಾಲಿ ಬಂದಿರಲಿಲ್ಲ!

ಕೈ ಒರೆಸಿಕೊಂಡು ಫೋನ್ ಮಾಡಿದೆ.

“ಅಕ್ಕಾ, ಆ ಫೋಟೋ, ಭಜನೆ ಎಲ್ಲಾ ಪೆನ್‌ಡ್ರೈವಿಗೆ ಯಾರು ಹಾಕಿದ್ದು?”

“ಇಲ್ಲೇ ಮೊಬೈಲ್ ಅಂಗಡಿಯೋನು. ಅವನ ಕಂಪ್ಯೂಟರ್‌ಗೆ ಸಿಕ್ಕಿಸಿ ಏನು ಕೇಳಿದ್ರೂ ತುಂಬಿಕೊಡ್ತಾನೆ. ಊರೆಲ್ಲಾ ಅಲ್ಲೇ ಹಾಕಿಸ್ತಾರೆ.”

“ಯಾಕಕ್ಕಾ ಹಾಕಿಸಿದೆ? ನಾನು ಕೇಳಿರಲಿಲ್ಲವಲ್ಲ.”

“ಕೇಳಬೇಕೇನೇ? ನೀನು ಹಾಡು ತುಂಬಿ ಕಳಿಸ್ತೀಯ, ನಾನು ಖಾಲಿ ಕಳಿಸಾಕೆ ಆಗ್ತೈತಾ? ಅಷ್ಟೂ ತಿಳಿವಳಿಕೆ ಇಲ್ಲದೋಳೇನೇ ನಾನು?”

ನಾನು ನಗಲೂ ಆರದೆ ಬಿಡಲೂ ಆರದೆ ವಿಷಯ ಹೇಳಿದೆ. ಆ ಅಂಗಡಿಯ ಕಂಪ್ಯೂಟರಿನ ವೈರಸ್ಸು ಫೋಟೋಗಳ ಜೊತೆ ಹತ್ತಿ ಬರುತ್ತಿದೆ, ಪೆನ್‌ಡ್ರೈವಿನಲ್ಲಿ ಅವುಗಳನ್ನು ನೋಡಲು ನಾನು ಒತ್ತಿದ ಕೂಡಲೇ ಇಲ್ಲಿ ಇಳಿಯುತ್ತಿದೆ. ಇನ್ನು ಮೇಲೆ ಪೆನ್‌ಡ್ರೈವನ್ನು ಖಾಲಿ ಕಳಿಸು, ಇಲ್ಲದಿದ್ದರೆ ನಿನ್ನ ದನಿ ಉಳಿಯುವುದಿಲ್ಲ.

“ಖಾಲಿನಾ?” ವೈರಸ್ಸಿಗಿಂತ ಇದೇ ದೊಡ್ಡ ಸುದ್ದಿ ಎನ್ನುವ ಹಾಗೆ ಕೇಳಿದಳು. “ದೊಡ್ಡೋಳಾಗಿ ನಾನು ತಂಗಿ ಮನೆಗೆ ಖಾಲಿ ಕಳಿಸಬೇಕಾ? ನನ್ನ ಕೈಲಿ ಆಗಲ್ಲಮ್ಮ. ಬೇರೆ ಏನಾದ್ರೂ ಉಪಾಯ ಹೇಳು. ಇಂಗ್ಲಿಷ್ ಓದಿದೋಳು ನೀನು.”

“ಇಂಗ್ಲಿಷಿನಲ್ಲೂ ಇದಕ್ಕೆ ಬೇರೆ ಉಪಾಯ ಇಲ್ಲಕ್ಕಾ.”

ಮರುದಿನ ರಿಪೇರಿಯವರಿಗೆ ಹೇಳಿದಾಗ ಅವರು ಹಣೆ ಚಚ್ಚಿಕೊಂಡು ನಕ್ಕರು. “ಡಬ್ಬೀಲಿ ಬಂದದ್ದನ್ನ ನಾನು ಪೆಟ್ಟಿಗೇಲಿ ಹುಡುಕ್ತಿದ್ದೆ ನೋಡ್ರಿ!” ಫಾರ್ಮ್ಯಾಟ್ ಹೊಡೆದದ್ದು ನಿಜ, ಆದರೆ ಪೆನ್‌ಡ್ರೈವನ್ನು. ಕಂಪ್ಯೂಟರಿನ ಹಾಜರಿಯಿಂದ ಆ ಹೆಸರನ್ನು ಕೊನೆಯ ಸಲ ತೆಗೆದರು. ಹಾಡುಗಳನ್ನಷ್ಟೇ ಆರಿಸಿ ಒಂದು ಡಿವಿಡಿಗೆ ಹಾಕಿ, ಮಗಳ ಕಂಪ್ಯೂಟರಿಗೂ ಕಳಿಸಿಕೊಟ್ಟರು. ನಾನು ಮಿಠಾಯಿಯ ಡಬ್ಬಿಯನ್ನು ಅಂಗಡಿಯಲ್ಲೇ ಬಿಚ್ಚಿದೆ. ಹೊನ್ನಾಳಿಗೆ ಮತ್ತೆ ಮಾಡಿದರಾಯಿತು.

ಅರಿಶಿಣದ ದಿನ ಜಗಳೂರಿನಲ್ಲಿ ಒಳ್ಳೆಯ ಬಿಸಿಲು. ಗಂಡಿನ ಮನೆಯಲ್ಲೇ ಮದುವೆ, ಅವರ ಅಂಗಳದಲ್ಲೇ ಚಪ್ಪರ. ನಾನು ಪೆನ್‌ಡ್ರೈವ್ ಕೊಟ್ಟೆ, ಸ್ಪೀಕರಿಗೆ ಸಿಕ್ಕಿಸಿದರು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಂದು, ಮೊಮ್ಮಗಳ ಎದುರಿಗೆ, ಹಾಡುವವರು ಕೂರುವ ತನ್ನ ಎಂದಿನ ಜಾಗದಲ್ಲೇ ಕೂತಳು. ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ಅವಳ ದನಿ ಚಪ್ಪರದ ತುಂಬ ಹರಡಿದಾಗ ಹೆಂಗಸರೆಲ್ಲ ಹತ್ತಿರ ಸರಿದು ಕೂತರು. ಎರಡನೆಯ ಹಾಡಿನ ನಡುವೆ ಕುಕ್ಕರ್ ಜೋರಾಗಿ ಕೂಗಿತು. ನಾಯಿಯನ್ನು ತೆಗೆದಿದ್ದ ನಾನು ಅದನ್ನು ಬೇಕೆಂದೇ ಉಳಿಸಿದ್ದೆ.

“ಯಾರೇ ಅದು, ಅನ್ನ ಸೀಯ್ತೈತೆ ನೋಡ್ರೇ!” ಎಂದು ಗಂಡಿನ ಕಡೆಯ ಅಜ್ಜಿಯೊಬ್ಬರು ಗಾಬರಿಯಾಗಿ ಎದ್ದೇಬಿಟ್ಟರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಅಕ್ಕ ದನಿಯಿಲ್ಲದೆ ನಗುತ್ತಾ ನನ್ನ ತೊಡೆಗೆ ಬಡಿದಳು. ಆಮೇಲೆ ತನ್ನದೇ ಹಾಡಿಗೆ ತುಟಿ ಆಡಿಸತೊಡಗಿದಳು. ಬೀಗರನ್ನು ಹಂಗಿಸುವ ಹಾಡು ಬಂದಾಗ ಕೈ ತಿರುಗಿಸಿ ಆ ಅಜ್ಜಿಯ ಕಡೆ ತೋರಿಸಿದಳು. ಹಿಂದೆ ಕೂತಿದ್ದ ನಮ್ಮ ಕಡೆಯವರು ಒಬ್ಬೊಬ್ಬರಾಗಿ ದನಿ ಸೇರಿಸಿದರು. ನಾನು ಎಂದಿನಂತೆ ಚಪ್ಪಾಳೆ.

ಮದುವೆ ಮುಗಿಸಿಕೊಂಡು ಅಕ್ಕ ಹೊನ್ನಾಳಿಗೆ ಹೋಗುವಾಗ ಪೆನ್‌ಡ್ರೈವನ್ನು ತಾನೇ ಇಟ್ಟುಕೊಂಡಳು. ಕೆಲವು ದಿನ ಕೇಳುತ್ತೇನೆ ಎಂದಳು. ಆಮೇಲೊಂದು ದಿನ ಡಬ್ಬಿ ಬಂತು. ಮೇಲೆ ಶೇಂಗಾ ಉಂಡೆ, ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಪೆನ್‌ಡ್ರೈವ್. ಸಿಕ್ಕಿಸುವ ಮೊದಲು ಸ್ವಲ್ಪ ಭಯವಾಯಿತು. ರಿಪೇರಿಯವರು ಹೇಳಿಕೊಟ್ಟ ಹಾಗೆ ಮೊದಲು ಸ್ಕ್ಯಾನ್ ಮಾಡಿದೆ. ನನ್ನ ಹಾಡುಗಳನ್ನು ಬಿಟ್ಟರೆ ಏನೂ ಇರಲಿಲ್ಲ. ಒಂದು ಫೋಟೋ ಕೂಡ ಇಲ್ಲ. ಅಕ್ಕ ತನ್ನ ಜೀವಮಾನದಲ್ಲಿ ಏನನ್ನೂ ಸೇರಿಸದೆ ವಾಪಸ್ ಕಳಿಸಿದ ಮೊದಲ ವಸ್ತು ಅದೇ ಇರಬೇಕು.

ಹಾಗೆಂದುಕೊಂಡು ಕವರನ್ನು ಎಸೆಯಲು ಹೋದರೆ ಬೆರಳಿಗೆ ಏನೋ ತಾಗಿತು. ಕವರಿನ ಮೂಲೆಯಲ್ಲಿ ಒಂದು ಚಿಟಿಕೆ ಸಕ್ಕರೆ.

ಪೆನ್‌ಡ್ರೈವಿನ ಬಾಯಲ್ಲೂ ಒಂದೆರಡು ಕಾಳು ಸಿಕ್ಕಿಕೊಂಡಿದ್ದವು. ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ.